ವಿ. ಎಸ್. ಕುಡ್ವ

ವಾಮನ ಶ್ರೀನಿವಾಸ ಕುಡ್ವ (1899–1967) ದಕ್ಷಿಣ ಕನ್ನಡ ಜಿಲ್ಲೆಯ ಎಂಜಿನಿಯರ್, ಉದ್ಯಮಿ ಹಾಗೂ ಪತ್ರಿಕಾ ಸ್ಥಾಪಕರು. ವಿ. ಎಸ್. ಕುಡ್ವ ಎಂಬ ಹೆಸರಿನಿಂದಲೇ ಪ್ರಸಿದ್ಧರಾದ ಇವರು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯ ಮೂವರು ಸ್ಥಾಪಕರಲ್ಲಿ ಒಬ್ಬರು. ಮಂಗಳೂರಿನಲ್ಲಿ ‘ನವಭಾರತ’ ಎಂಬ ಕನ್ನಡ ದಿನಪತ್ರಿಕೆಯನ್ನೂ, ಮೋಟಾರು ವಾಹನಗಳಿಗೆ ಲೀಫ್ ಸ್ಪ್ರಿಂಗ್ ತಯಾರಿಸುವ ಕೆನರಾ ವರ್ಕ್‌ಶಾಪ್ಸ್ ಕಾರ್ಖಾನೆಯನ್ನೂ ಸ್ಥಾಪಿಸಿದರು. ಬ್ಯಾಂಕಿನ ಚರಿತ್ರೆಯ ಮೊದಲ ಪುಟದಲ್ಲಿ ಅವರ ಹೆಸರು ಕಾಣಿಸಿಕೊಂಡು ಮರೆಯಾಗುತ್ತದೆ. ಲಾರಿ, ಬಸ್ಸುಗಳ ಭಾರ ಹೊರುವ ಉಕ್ಕಿನ ಪಟ್ಟಿಗಳ ವಿಷಯದಲ್ಲಿ ಅವರು ಮಾಡಿದ ಕೆಲಸ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಬ್ಯಾಂಕಿನ ಸ್ಥಾಪನೆ

1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭವಾಯಿತು. ವ್ಯಾಪಾರಿ ಉಪೇಂದ್ರ ಅನಂತ ಪೈ, ವೈದ್ಯ ಡಾ. ಟಿ. ಎಂ. ಎ. ಪೈ ಮತ್ತು ಎಂಜಿನಿಯರ್ ಕುಡ್ವ ಇದರ ಸ್ಥಾಪಕರು. ಮೂಲ ಬಂಡವಾಳ 8,000 ರೂಪಾಯಿ. ಆ ಹೊತ್ತಿಗೆ ಕೈಮಗ್ಗದ ಉದ್ಯಮ ಕುಸಿದು ನೇಕಾರರು ಕಷ್ಟಕ್ಕೆ ಸಿಕ್ಕಿದ್ದರು. ಅವರಿಗೆ ಹಣದ ನೆರವು ಒದಗಿಸುವುದು ಸಂಸ್ಥೆಯ ಆರಂಭದ ಉದ್ದೇಶವಾಗಿತ್ತು. 1928ರಲ್ಲಿ ಬಂದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಮನೆ ಬಾಗಿಲಿಗೆ ಹೋಗಿ ಸಂಗ್ರಹಿಸಲಾಗುತ್ತಿತ್ತು. ವೈದ್ಯ, ವ್ಯಾಪಾರಿ, ಎಂಜಿನಿಯರ್ ಒಟ್ಟಾಗಿ ಬ್ಯಾಂಕು ಕಟ್ಟಿದ್ದು ಈಗ ವಿಚಿತ್ರವೆನಿಸಬಹುದು. ಆದರೆ ಮದ್ರಾಸ್ ಪ್ರಾಂತ್ಯದ ಅಂಚಿನಲ್ಲಿದ್ದ ಆ ಜಿಲ್ಲೆಯಲ್ಲಿ ಬ್ಯಾಂಕುಗಳು ಹುಟ್ಟಿದ್ದೇ ಹೀಗೆ, ಊರಿನ ವಿದ್ಯಾವಂತರ ಒಟ್ಟುಗೂಡುವಿಕೆಯಿಂದ.

ನವಭಾರತ

ಕುಡ್ವರು 1941ರಲ್ಲಿ ಮಂಗಳೂರಿನಿಂದ ‘ನವಭಾರತ’ ದಿನಪತ್ರಿಕೆಯನ್ನು ಹೊರತಂದರು. ಕರಾವಳಿಯಲ್ಲಿ ಅದುವರೆಗೆ ವಾರಪತ್ರಿಕೆಗಳದೇ ಪ್ರಾಧಾನ್ಯವಿತ್ತು. ಯುದ್ಧದ ವರ್ಷಗಳಲ್ಲಿ, ಕಾಗದವೂ ಪೆಟ್ರೋಲೂ ಅಭಾವವಾಗಿದ್ದಾಗ, ದಿನಪತ್ರಿಕೆ ನಡೆಸುವುದು ಸುಲಭವಿರಲಿಲ್ಲ.

ಕರಾವಳಿಯ ರಸ್ತೆ ಮತ್ತು ವಾಹನ

ಕುಡ್ವರ ಮೂರನೆಯ ಕೆಲಸವನ್ನು ತಿಳಿಯಲು ಅಂದಿನ ಸಂಚಾರವ್ಯವಸ್ಥೆಯನ್ನು ನೋಡಬೇಕು. ಮಂಗಳೂರಿಗೆ ದಕ್ಷಿಣದಿಂದ ರೈಲು ಬಂದದ್ದು 1907ರಲ್ಲಿ. ಘಟ್ಟದ ಮೇಲಿನ ಹಾಸನಕ್ಕೆ ರೈಲಿನ ಸಂಪರ್ಕ ದೊರೆತದ್ದು 1979ರಲ್ಲಿ. ಉತ್ತರಕ್ಕೆ ಕೊಂಕಣ ರೈಲ್ವೆ ಬಂದದ್ದು ಇನ್ನೂ ತಡವಾಗಿ. ನಡುವಿನ ದಶಕಗಳಲ್ಲಿ ಜಿಲ್ಲೆಯ ಒಳಊರುಗಳು ನಂಬಿದ್ದು ಬಸ್ಸು ಮತ್ತು ಲಾರಿಗಳನ್ನೇ. ಅಡಿಕೆ, ಅಕ್ಕಿ, ಹೆಂಚು, ಮರ, ಟಪಾಲು ಎಲ್ಲವೂ ಅವುಗಳಲ್ಲೇ ಸಾಗಬೇಕು. ಮೂಡುಬಿದಿರೆಯಿಂದ ಶಿರ್ತಾಡಿ, ನಾರಾವಿ, ವೇಣೂರು, ಬೆಳ್ತಂಗಡಿಗಳ ಕಡೆಗೆ ಹೋಗುವ ದಾರಿಗಳು ಏರಿಳಿತದವು. ಮಳೆಗಾಲದ ನಾಲ್ಕು ತಿಂಗಳು ಜಂಬಿಟ್ಟಿಗೆಯ ಮಣ್ಣು ಕೊಚ್ಚಿಹೋಗಿ ಹೊಂಡ ಬೀಳುತ್ತಿತ್ತು. ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳ ತಿರುವುಗಳಂತೂ ಮುಂದಿನ ಚಕ್ರಗಳಿಗೆ ಕಠಿಣ ಪರೀಕ್ಷೆ.

ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಪೆಟ್ರೋಲಿಗೆ ಪಡಿತರ ಬಂದಿತು. ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡತೊಡಗಿದವು. ವಿದೇಶದಿಂದ ಬರಬೇಕಾದ ಬಿಡಿಭಾಗಗಳು ಬಾರದಾದವು. ಇಂಧನಕ್ಕೆ ಇದ್ದಿಲು ಸಿಕ್ಕಿತು. ಮುರಿದ ಸ್ಪ್ರಿಂಗಿಗೆ ಬದಲಿಯಿರಲಿಲ್ಲ.

ಕೆನರಾ ವರ್ಕ್‌ಶಾಪ್ಸ್

ಇಂಥ ಹೊತ್ತಿನಲ್ಲಿ, 1943ರಲ್ಲಿ, ಕುಡ್ವರು ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಇದರ ಲೀಫ್ ಸ್ಪ್ರಿಂಗುಗಳು ‘ಕ್ಯಾನ್‌ಸ್ಪ್ರಿಂಗ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದವು.

ಲೀಫ್ ಸ್ಪ್ರಿಂಗ್ ನೋಡಲು ಸರಳ ವಸ್ತು. ಉದ್ದದಿಂದ ಗಿಡ್ಡಕ್ಕೆ ಕ್ರಮವಾಗಿ ಒಂದರ ಕೆಳಗೊಂದು ಜೋಡಿಸಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಗ್ಯಾರೇಜಿನವರ ಮಾತಿನಲ್ಲಿ ಪ್ಲೇಟುಗಳು. ಎಲ್ಲಕ್ಕಿಂತ ಉದ್ದನೆಯ ಮೇನ್ ಪ್ಲೇಟಿನ ಎರಡೂ ತುದಿಗಳನ್ನು ಸುರುಳಿ ಮಾಡಿ ಕಣ್ಣು ತೆಗೆದಿರುತ್ತಾರೆ. ಒಂದು ಕಣ್ಣು ಚಾಸಿಗೆ ನೇರವಾಗಿ ಸೇರಿದರೆ, ಇನ್ನೊಂದು ಶ್ಯಾಕಲ್ ಎಂಬ ಓಲಾಡುವ ಕೊಂಡಿಯ ಮೂಲಕ ಸೇರುತ್ತದೆ. ಭಾರ ಬಿದ್ದಾಗ ಬಿಲ್ಲು ಚಪ್ಪಟೆಯಾಗಿ ಉದ್ದವಾಗುವುದರಿಂದ ಈ ಓಲಾಟ ಅಗತ್ಯ. ನಡುವೆ ಸೆಂಟರ್ ಬೋಲ್ಟ್ ಪ್ಲೇಟುಗಳನ್ನು ಹಿಡಿದಿಡುತ್ತದೆ. ಯು ಬೋಲ್ಟುಗಳು ಇಡೀ ಕಟ್ಟನ್ನು ಆಕ್ಸಲಿಗೆ ಬಿಗಿಯುತ್ತವೆ.

ಹಳೆಯ ಲಾರಿಗಳಲ್ಲಿ ಮುಂದಿನ ಆಕ್ಸಲನ್ನು ಅದರ ಸ್ಥಾನದಲ್ಲಿ ಇರಿಸುವುದು ಈ ಸ್ಪ್ರಿಂಗುಗಳೇ, ಬೇರೆ ಆಧಾರವಿಲ್ಲ. ಆದುದರಿಂದ ಸ್ಪ್ರಿಂಗ್ ಕೆಟ್ಟರೆ ಸವಾರಿ ಒರಟಾಗುವುದಷ್ಟೇ ಅಲ್ಲ, ಸ್ಟಿಯರಿಂಗ್ ಕೆಡುತ್ತದೆ. ಒಂದು ಬದಿಯ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಆ ಬದಿಯಲ್ಲಿ ಹಿಂದಕ್ಕೋ ಮುಂದಕ್ಕೋ ಸರಿದು ಗಾಡಿ ಎಳೆಯತೊಡಗುತ್ತದೆ. ಒಂದು ಸ್ಪ್ರಿಂಗ್ ಕುಸಿದಾಗ ಕಿಂಗ್ ಪಿನ್ನಿನ ಓರೆಯೂ ವ್ಯತ್ಯಾಸವಾಗಿ, ತಿರುವಿನ ಬಳಿಕ ಚಕ್ರ ತಾನಾಗಿ ನೇರಕ್ಕೆ ಮರಳುವುದಿಲ್ಲ. ಹೊಂಡಕ್ಕೆ ಇಳಿದಾಗ ಡ್ರ್ಯಾಗ್ ಲಿಂಕಿನ ಚಲನೆ ಸ್ಪ್ರಿಂಗಿನ ಚಲನೆಗೆ ಹೊಂದದೆ ಚಾಲಕನ ಕೈಯಲ್ಲಿ ಚಕ್ರ ಜಗ್ಗುತ್ತದೆ. ಘಾಟಿಯ ಇಳಿಜಾರಿನಲ್ಲಿ ಇದು ಪ್ರಾಣಾಪಾಯದ ಸಂಗತಿ. ಯುದ್ಧಾನಂತರ ಸೈನ್ಯದಿಂದ ಹರಾಜಾದ ನಾಲ್ಕು ಚಕ್ರ ಚಾಲನೆಯ ಲಾರಿಗಳು ಕಾಡಿನಿಂದ ಮರ ಸಾಗಿಸಲು ಬಳಕೆಯಾದವು. ಅವುಗಳ ಮುಂದಿನ ಆಕ್ಸಲಿನೊಳಗೆ ಡಿಫರೆನ್ಷಿಯಲ್ ಕೂಡ ಇರುವುದರಿಂದ ಭಾರ ಹೆಚ್ಚು. ಅಂಥ ಲಾರಿಯ ಮುಂಭಾಗವನ್ನು ಹೊಸದಾಗಿ ಕಟ್ಟುವಾಗ ಸ್ಪ್ರಿಂಗ್, ಶ್ಯಾಕಲ್ ಪಿನ್, ಬುಷ್, ಕಿಂಗ್ ಪಿನ್, ಟೈ ರಾಡಿನ ತುದಿಗಳನ್ನು ಒಟ್ಟಿಗೇ ಪರೀಕ್ಷಿಸಬೇಕಾಗುತ್ತದೆ; ಒಂದನ್ನು ಬದಲಿಸಿ ಉಳಿದವನ್ನು ಬಿಟ್ಟರೆ ದೋಷ ಉಳಿಯುತ್ತದೆ.

ಕಾರ್ಖಾನೆಯ ಸ್ಪ್ರಿಂಗ್ ಸಿಗದ ಕಡೆ ಕಮ್ಮಾರನ ಕುಲುಮೆಯೇ ಗತಿಯಾಗಿತ್ತು. ಕುಸಿದ ಪ್ಲೇಟನ್ನು ಕಾಯಿಸಿ, ಬಡಿದು, ಮತ್ತೆ ಬಾಗು ಕೊಡುತ್ತಿದ್ದರು. ಕಮ್ಮಾರನ ಕೈಚಳಕದಲ್ಲಿ ಕೊರತೆಯಿರಲಿಲ್ಲ. ಆದರೆ ತೆರೆದ ಕುಲುಮೆಯಲ್ಲಿ ಇಡೀ ಪ್ಲೇಟಿಗೆ ಒಂದೇ ಸಮನಾದ ಶಾಖ ಕೊಡುವುದು ಕಷ್ಟ. ಹದ ತಪ್ಪಿದ ಪ್ಲೇಟು ಮೆತ್ತಗಾಗಿ ಬೇಗನೆ ಕುಸಿಯುತ್ತದೆ, ಇಲ್ಲವೇ ಗಡುಸಾಗಿ ಪಟ್ಟನೆ ಮುರಿಯುತ್ತದೆ. ಸ್ಪ್ರಿಂಗ್ ಕಾರ್ಖಾನೆಯ ಕೆಲಸದ ತಿರುಳು ಈ ಹದದಲ್ಲೇ ಇದೆ. ಸಿಲಿಕಾನ್, ಮ್ಯಾಂಗನೀಸ್ ಬೆರೆತ ಉಕ್ಕಿನ ಪಟ್ಟಿಯನ್ನು ಕೆಂಪಗೆ ಕಾಯಿಸಿ ಬಾಗಿಸುತ್ತಾರೆ. ತಕ್ಷಣ ಎಣ್ಣೆಯಲ್ಲಿ ಅದ್ದಿ ಗಡುಸು ಮಾಡುತ್ತಾರೆ. ಬಳಿಕ ಕಡಿಮೆ ಶಾಖದಲ್ಲಿ ಮತ್ತೆ ಕಾಯಿಸಿ, ಮುರಿಯದೆ ಬಾಗುವ ಗುಣ ತರುತ್ತಾರೆ. ಜೋಡಿಸಿದ ಮೇಲೆ ಭಾರ ಹೇರಿ ಒತ್ತಿ ನೋಡುವ ಪರೀಕ್ಷೆಯೂ ಇದೆ.

ಸ್ವಾತಂತ್ರ್ಯಾನಂತರ ದೇಶದಲ್ಲೇ ಲಾರಿಗಳ ತಯಾರಿಕೆ ಬೆಳೆಯಿತು. ಟಾಟಾ ಸಂಸ್ಥೆ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಸಹಯೋಗದಿಂದ ಲಾರಿ ತಯಾರಿಸತೊಡಗಿತು. ಮದ್ರಾಸಿನಲ್ಲಿ ಅಶೋಕ್ ಲೇಲ್ಯಾಂಡ್ ಬೆಳೆಯಿತು. ಲಾರಿಗಳು ಹೆಚ್ಚಿದಂತೆ ಸ್ಪ್ರಿಂಗಿನ ಬೇಡಿಕೆಯೂ ಹೆಚ್ಚಿತು. ಉಕ್ಕಿನ ಗಿರಣಿಗಳಿಂದ ಬಹುದೂರದ ಮಂಗಳೂರು ಹೆಂಚು, ಗೋಡಂಬಿ, ಬೀಡಿಗಳ ಊರೆಂದೇ ಹೆಸರಾಗಿತ್ತು. ಅಲ್ಲಿ ಮೋಟಾರು ಬಿಡಿಭಾಗದ ಕಾರ್ಖಾನೆ ನೆಲೆಯೂರಿದ್ದು ಗಮನಿಸತಕ್ಕ ಸಂಗತಿ.

ನಿಧನಾನಂತರ

ಕುಡ್ವರು 1967ರಲ್ಲಿ ನಿಧನರಾದರು. ಅವರ ಜೀವಿತಕಾಲದಲ್ಲೇ ಬ್ಯಾಂಕಿಗೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಬಂದಿತ್ತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಅದೂ ಸೇರಿತ್ತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.