ವರಪ್ರಸಾದದ ಸಾಕ್ಷಿ ಸಂತ ಜೋಸೆಫ್ ವಾಜ್

ರಕ್ಷಣೆಯು ನಮ್ಮ ಪುಣ್ಯದ ಗಳಿಕೆಯಲ್ಲ. ವಿಶ್ವಾಸದಿಂದ ಸ್ವೀಕರಿಸುವ ದೇವರ ವರಪ್ರಸಾದ. ಇದಕ್ಕೆ ಸಂತ ಜೋಸೆಫ್ ವಾಜರ ಬಾಳು ನಮಗೆ ಸಾಕ್ಷಿ. 1651ರಲ್ಲಿ ಗೋವೆಯಲ್ಲಿ ಜನಿಸಿದ ಅವರು, 1677ರಲ್ಲಿ ಮಾತೆ ಮರಿಯಮ್ಮನವರಿಗೆ ದಾಸಪತ್ರ ಬರೆದೊಪ್ಪಿಸಿದರು. 1681ರಿಂದ 1684ರವರೆಗೆ, ನಮ್ಮ ಮಲೆನಾಡಿನ ಬಿದನೂರಿನಿಂದ ಕೆಳದಿ ಚೆನ್ನಮ್ಮಾಜಿ ಆಳುತ್ತಿದ್ದ ಕನ್ನಡ ಕರಾವಳಿಯಲ್ಲಿ ಕ್ರೈಸ್ತರಿಗೆ ಸಂಸ್ಕಾರಗಳನ್ನಿತ್ತರು. 1687ರಲ್ಲಿ, ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ ಕೂಲಿಯಾಳಿನ ವೇಷದಲ್ಲಿ ತೆರಳಿದರು. ಕ್ಯಾಂಡಿಯಲ್ಲಿ ಸೆರೆವಾಸ ಅನುಭವಿಸಿದರು. 1697ರಲ್ಲಿ ಅಲ್ಲಿ ಸಿಡುಬು ಹರಡಿ ಬಂಧುಗಳೇ ರೋಗಿಗಳನ್ನು ತೊರೆದಾಗ, ಮತಭೇದವೆಣಿಸದೆ ಶುಶ್ರೂಷೆಗೈದರು. ಇದು ಮೋಕ್ಷಕ್ಕೆ ತೆತ್ತ ಬೆಲೆಯಲ್ಲ. ಉಚಿತವಾಗಿ ಪಡೆದ ವರಪ್ರಸಾದವು ಪ್ರೀತಿಯಾಗಿ ಫಲಿಸಿದ ಬಗೆ. 1711ರಲ್ಲಿ ಕ್ಯಾಂಡಿಯಲ್ಲೇ ಪ್ರಭುವಿನಲ್ಲಿ ನಿದ್ರಿಸಿದ ಅವರನ್ನು 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದು ಸಾರಿದರು. ಶತಮಾನೋತ್ಸವವನ್ನಾಚರಿಸುವ ನಾವು, ಗಳಿಸಿದ್ದೆಷ್ಟೆಂದು ಎಣಿಸದೆ, ಪಡೆದುದನ್ನು ನೆನೆದು ನೆರೆಯವರಿಗೆ ಹಂಚೋಣ.