ಗಣಿವಿದ್ಯೆ ಓದಿದ ಸಂತರು

ಗಣಿಯ ಕೆಂಧೂಳು ನಮ್ಮ ಕುರೆಕುಪ್ಪದ ಮಕ್ಕಳಿಗೆ ಹೊಸದಲ್ಲ. 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಇಟಲಿಯ ಪಿಯೆರ್ ಜಾರ್ಜಿಯೊ ಫ್ರಸ್ಸಾತಿಯವರು ಕಾಲೇಜಿನಲ್ಲಿ ಓದಿದ್ದೂ ಗಣಿ ಎಂಜಿನಿಯರಿಂಗನ್ನೇ. ಗಣಿ ಕಾರ್ಮಿಕರ ನಡುವೆ ಕ್ರಿಸ್ತರ ಸೇವೆ ಮಾಡುವ ಆಸೆ ಅವರದು.

1901ರಲ್ಲಿ ಟ್ಯೂರಿನ್‌ನಲ್ಲಿ ಜನನ. ತಂದೆ ಪತ್ರಿಕೆಯೊಂದರ ಒಡೆಯರು. ಮಗ ಅಂಥ ಜಾಣರೇನಲ್ಲ, ಶಾಲೆಯಲ್ಲಿ ನಪಾಸಾದದ್ದೂ ಉಂಟು (ಪಾಲಕರು ಗಮನಿಸಲಿ!). ಅವರ ದೊಡ್ಡ ಪಾಠಗಳೆಲ್ಲ ತರಗತಿಯ ಹೊರಗೆ: ಕಥೋಲಿಕ ವಿದ್ಯಾರ್ಥಿ ಸಂಘ, ಗೆಳೆಯರೊಡನೆ ಬೆಟ್ಟ ಹತ್ತುವುದು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರಾಗಿ ಬಡವರ ಮನೆಭೇಟಿ. ಟ್ರಾಮಿನ ಕಾಸನ್ನೂ ಕೊಟ್ಟುಬಿಟ್ಟು ನಡೆದೇ ಮನೆಗೆ ಬರುತ್ತಿದ್ದರು.

ಪದವಿ ಇನ್ನೇನು ಕೈಗೆ ಬರಬೇಕು, ಪೋಲಿಯೊ ತಗುಲಿತು. ಕೈ ಸ್ವಾಧೀನ ತಪ್ಪುತ್ತಿದ್ದರೂ, ಬಡರೋಗಿಯೊಬ್ಬರಿಗೆ ಇಂಜೆಕ್ಷನ್ ತಲುಪಿಸುವಂತೆ ಗೆಳೆಯರಿಗೆ ಚೀಟಿ ಬರೆದರು. ಮರುದಿನ, 1925ರ ಜುಲೈ 4ರಂದು, ತೀರಿಕೊಂಡರು. ವಯಸ್ಸು 24. ಶವಯಾತ್ರೆಗೆ ಬೀದಿ ತುಂಬಿದ ಬಡವರನ್ನು ಕಂಡಾಗಲೇ, ಮಗ ಇಷ್ಟು ದಿನ ಎಲ್ಲಿಗೆ ಹೋಗುತ್ತಿದ್ದನೆಂದು ಹೆತ್ತವರಿಗೆ ತಿಳಿದದ್ದು.