ಅಧಿಕಾರ ಬಿಟ್ಟು ಬರಹ ಹಿಡಿದ ಮಾಸ್ತಿ

ಜೂನ್ 6 ಕನ್ನಡಿಗರು ಎರಡು ಕಾರಣಕ್ಕೆ ನೆನಪಿಡಬೇಕಾದ ದಿನ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಹುಟ್ಟಿದ್ದು 1891ರ ಜೂನ್ 6ರಂದು. 95 ವರ್ಷ ತುಂಬಿದ ದಿನವೇ, ಅಂದರೆ 1986ರ ಜೂನ್ 6ರಂದು, ಅವರು ಕಣ್ಣು ಮುಚ್ಚಿದರು. ಮಾಸ್ತಿ ಕನ್ನಡದ ಆಸ್ತಿ ಎಂಬ ಮಾತನ್ನು ನಮ್ಮ ಸಂಘ-ಸಂಸ್ಥೆಗಳ ವೇದಿಕೆಗಳಲ್ಲಿ ಎಷ್ಟೋ ಸಲ ಕೇಳುತ್ತೇವೆ. ಆದರೆ ಈ ಆಸ್ತಿ ಕನ್ನಡಕ್ಕೆ ಪೂರ್ತಿಯಾಗಿ ದಕ್ಕಿದ್ದು ಅವರು 52ನೆಯ ವಯಸ್ಸಿನಲ್ಲಿ ದೊಡ್ಡ ಸರಕಾರಿ ಹುದ್ದೆಯನ್ನು ಬಿಟ್ಟು ಹೊರಬಂದ ಮೇಲೆ ಎಂಬುದು ಅನೇಕರಿಗೆ ತಿಳಿದಿರಲಾರದು.

ತಿಂಗಳ ಮೊದಲ ತಾರೀಕಿಗೆ ಕೈಸೇರುವ ಸಂಬಳದ ಬೆಲೆ ಏನೆಂಬುದು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರಿಗೆ ಬೇರೆ ಹೇಳಬೇಕಿಲ್ಲ. ಅಂಥ ಸಂಬಳ, ಅದರ ಜೊತೆಗಿದ್ದ ಅಧಿಕಾರ ಮತ್ತು ಗೌರವ ಇವೆಲ್ಲವನ್ನೂ ಬಿಡುವುದು ಸುಲಭದ ಕೆಲಸವಲ್ಲ. ಮಾಸ್ತಿಯವರು ಅದನ್ನು ಹೇಗೆ ಬಿಟ್ಟರು, ಬಿಟ್ಟ ಮೇಲೆ ಏನು ಮಾಡಿದರು ಎಂಬುದನ್ನು ನೆನೆಯುವುದು ಇಂದಿಗೂ ಉಪಯುಕ್ತ.

ಬಡತನದ ಬಾಲ್ಯ

ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಮಾಸ್ತಿ ಅವರ ಊರು. ಹೆಸರಿನ ಜೊತೆ ಊರನ್ನೂ ಹೊತ್ತು ಅದನ್ನು ನಾಡಿಗೆಲ್ಲ ಪರಿಚಯ ಮಾಡಿಕೊಟ್ಟವರು ಅವರು. ಮನೆಮಾತು ತಮಿಳು, ಮನೆತನ ಶ್ರೀವೈಷ್ಣವ. ಹಿಂದೊಮ್ಮೆ ಸ್ಥಿತಿವಂತರಾಗಿದ್ದ ಕುಟುಂಬ ಅವರು ಹುಟ್ಟುವ ವೇಳೆಗೆ ಎಲ್ಲವನ್ನೂ ಕಳೆದುಕೊಂಡಿತ್ತು. ಬಂಧುಗಳ ಆಸರೆಯಲ್ಲಿ ಊರಿಂದೂರಿಗೆ ಹೋಗಿ ಓದಬೇಕಾಯಿತು. ಓದಿನಲ್ಲಿ ಮಾತ್ರ ಹುಡುಗ ಎಲ್ಲಿಯೂ ಹಿಂದೆ ಬೀಳಲಿಲ್ಲ. ಮೈಸೂರಿನಲ್ಲಿ ಓದು ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ 1914ರಲ್ಲಿ ಇಂಗ್ಲಿಷ್ ಎಂ.ಎ. ಪದವಿ ಪಡೆದರು. ಚೆನ್ನೈಯ ಕನ್ನಡ ಬಂಧುಗಳು ಸಮುದ್ರ ತೀರದ ಆ ಕೆಂಪು ಕಟ್ಟಡದ ಮುಂದೆ ಹಾದುಹೋಗುವಾಗ ಇದನ್ನು ಜ್ಞಾಪಿಸಿಕೊಳ್ಳಬಹುದು.

ಆ ಕಾಲದಲ್ಲಿ ಇಂಗ್ಲಿಷ್ ಎಂ.ಎ. ಎಂದರೆ ಬಹಳ ದೊಡ್ಡ ಮಾತು. ಇಂಗ್ಲಿಷಿನಲ್ಲಿ ಬರೆದು ಹೆಸರು ಮಾಡುವ ದಾರಿ ಅವರಿಗೆ ತೆರೆದೇ ಇತ್ತು. ಮನೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್; ಆದರೂ ಬರೆಯಲು ಅವರು ಆರಿಸಿಕೊಂಡದ್ದು ಊರಿನ ಭಾಷೆಯಾದ ಕನ್ನಡವನ್ನು. ಬೇರೆ ಭಾಷೆಯ ನೆಲದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಹೊರನಾಡ ಕನ್ನಡಿಗರು ಗಮನಿಸಬೇಕಾದ ಸಂಗತಿ ಇದು. ಮನೆಮಾತು ಬೇರೆಯಾಗಿದ್ದರೂ ಇರುವ ನೆಲದ ಭಾಷೆಯನ್ನು ಅವರು ತಮ್ಮದನ್ನಾಗಿ ಮಾಡಿಕೊಂಡರು. ಮರಾಠಿ ಮನೆಮಾತಿನ ಬೇಂದ್ರೆಯವರಂತೆ ಇವರೂ ಕನ್ನಡಕ್ಕೆ ತಮ್ಮನ್ನು ಕೊಟ್ಟುಕೊಂಡರು.

ಹಗಲು ಕಚೇರಿ, ಉಳಿದ ವೇಳೆ ಕನ್ನಡ

ಎಂ.ಎ. ಆದೊಡನೆ ಅವರು ಬರವಣಿಗೆಯನ್ನೇ ನಂಬಿ ಕೂರಲಿಲ್ಲ. ಕೂರುವ ಹಾಗೂ ಇರಲಿಲ್ಲ. ಕುಟುಂಬದ ಹೊಣೆ ಇತ್ತು. ಮೈಸೂರು ಸಿವಿಲ್ ಸರ್ವೀಸ್ ಸೇರಿ ಅಸಿಸ್ಟೆಂಟ್ ಕಮಿಷನರ್ ಆದರು. ಅಲ್ಲಿಂದ ಮುಂದೆ ಸುಮಾರು ಮೂರು ದಶಕಗಳ ಕಾಲ ಮೈಸೂರು ಸಂಸ್ಥಾನದ ಹಲವು ಕಡೆ ಕೆಲಸ ಮಾಡಿದರು. ಜಿಲ್ಲೆಯ ಆಡಳಿತ ನೋಡಿದರು. ಅಬಕಾರಿ ಇಲಾಖೆಯ ಕಮಿಷನರ್ ಹುದ್ದೆಯವರೆಗೆ ಏರಿದರು. ಮಹಾರಾಜರಿಂದ ರಾಜಸೇವಾಸಕ್ತ ಎಂಬ ಬಿರುದೂ ಬಂತು.

ಕಂದಾಯದ ಲೆಕ್ಕ, ಜಮೀನಿನ ತಕರಾರು, ಹೆಂಡ-ಸಾರಾಯಿ ಗುತ್ತಿಗೆಯ ಕಡತ, ಇವುಗಳ ನಡುವೆ ಕತೆ-ಕವಿತೆಗೆ ಎಡೆ ಎಲ್ಲಿ ಎಂದು ಕೇಳಬಹುದು. ಮಾಸ್ತಿಯವರು ಎಡೆ ಮಾಡಿಕೊಂಡರು. ವಿದ್ಯಾರ್ಥಿಯಾಗಿದ್ದಾಗಲೇ ರಂಗನ ಮದುವೆ ಕತೆ ಬರೆದಿದ್ದರು. ಅಧಿಕಾರಿಯಾದ ಮೇಲೆ 1920ರಲ್ಲಿ ಕೆಲವು ಸಣ್ಣ ಕತೆಗಳು ಎಂಬ ಪುಸ್ತಕ ಹೊರಬಂತು. ಕನ್ನಡದಲ್ಲಿ ಸಣ್ಣಕತೆ ಎಂಬ ಪ್ರಕಾರಕ್ಕೆ ಬುನಾದಿ ಹಾಕಿದ್ದು ಈ ಕತೆಗಳು ಎಂದು ವಿಮರ್ಶಕರು ಒಪ್ಪುತ್ತಾರೆ. ಶ್ರೀನಿವಾಸ ಎಂಬುದು ಅವರ ಕಾವ್ಯನಾಮ. 1922ರಲ್ಲಿ ಬಿನ್ನಹ ಎಂಬ ಕವನಸಂಗ್ರಹ, 1928ರಲ್ಲಿ ಸುಬ್ಬಣ್ಣ, ಮುಂದೆ ಯಶೋಧರಾ, ಕಾಕನಕೋಟೆ ನಾಟಕಗಳು, ಹೀಗೆ ಪುಸ್ತಕದ ಮೇಲೆ ಪುಸ್ತಕ ಬಂದವು. ಎಲ್ಲವೂ ನೌಕರಿಯಲ್ಲಿದ್ದಾಗಲೇ ಬರೆದದ್ದು.

ನೌಕರಿ ಅವರ ಬರಹಕ್ಕೆ ಬರೀ ಅಡ್ಡಿಯಾಗಿತ್ತು ಎಂದು ಹೇಳಿದರೆ ತಪ್ಪಾಗುತ್ತದೆ. ಆಗಿನ ಕಂದಾಯ ಅಧಿಕಾರಿ ಕಚೇರಿಯಲ್ಲೇ ಕುಳಿತಿರುವಂತಿರಲಿಲ್ಲ. ಹಳ್ಳಿ ಹಳ್ಳಿ ಸುತ್ತಬೇಕು, ಶಾನುಭೋಗರು, ಪಟೇಲರು, ರೈತರು ಎಲ್ಲರ ಅಹವಾಲು ಕೇಳಬೇಕು. ಜನರ ನಡುವಿನ ಜಗಳ, ಔದಾರ್ಯ, ಮುನಿಸು, ಮಾನವಂತಿಕೆ ಎಲ್ಲವೂ ಅಧಿಕಾರಿಯ ಎದುರಿಗೆ ಬಂದು ನಿಲ್ಲುತ್ತವೆ. ಮೊಸರಿನ ಮಂಗಮ್ಮನಂಥ ಪಾತ್ರಗಳು ಇಂಥ ಲೋಕಾನುಭವದಿಂದ ಬಂದವು. ಯಾರನ್ನೂ ಹೀನಾಯವಾಗಿ ಕಾಣದೆ, ಎರಡೂ ಕಡೆಯ ಮಾತು ಕೇಳಿ ತೂಗಿ ಹೇಳುವ ಅವರ ಕತೆಗಾರಿಕೆಯಲ್ಲಿ ಒಳ್ಳೆಯ ಅಧಿಕಾರಿಯ ತಾಳ್ಮೆ ಕಾಣುತ್ತದೆ.

1929ರಲ್ಲಿ ಬೆಳಗಾವಿಯಲ್ಲಿ ನಡೆದ 15ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಾಸ್ತಿಯವರೇ ಅಧ್ಯಕ್ಷರು. ಆಗ ಅವರ ವಯಸ್ಸು 38 ಮಾತ್ರ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಕರ್ನಾಟಕ ಒಂದಾಗಲು ಇನ್ನೂ 27 ವರ್ಷ ಬಾಕಿ. ಮೈಸೂರು ಸಂಸ್ಥಾನದ ಅಧಿಕಾರಿಯೊಬ್ಬರು ಹೊರಗಿನ ಪ್ರಾಂತ್ಯದ ಕನ್ನಡಿಗರ ನಡುವೆ ಹೋಗಿ ಸಮ್ಮೇಳನ ನಡೆಸಿಕೊಟ್ಟದ್ದು, ಗಡಿಗಳಿಂದ ಹರಿದುಹೋಗಿದ್ದ ಕನ್ನಡಿಗರನ್ನು ಭಾಷೆ ಹೇಗೆ ಕೂಡಿಸುತ್ತಿತ್ತು ಎಂಬುದಕ್ಕೆ ನಿದರ್ಶನ.

1943ರ ನಿರ್ಧಾರ

1943ರ ಹೊತ್ತಿಗೆ ಮಾಸ್ತಿಯವರು ಸಂಸ್ಥಾನದ ಹಿರಿಯ ಅಧಿಕಾರಿಗಳಲ್ಲಿ ಒಬ್ಬರು. ಸೇವೆಯ ಹಿರಿತನ, ಅರ್ಹತೆ ಎರಡನ್ನೂ ನೋಡಿದರೆ ಮಂತ್ರಿಪದವಿಗೆ ಸಮನಾದ ಸ್ಥಾನ ಅವರಿಗೆ ಸಲ್ಲಬೇಕಿತ್ತು. ಅದು ಸಿಗಲಿಲ್ಲ. ಅವರಿಗಿಂತ ಕಿರಿಯರೊಬ್ಬರನ್ನು ಮೇಲಕ್ಕೆ ಏರಿಸಲಾಯಿತು.

ಇಂಥ ಅನುಭವ ನೌಕರಿಯಲ್ಲಿರುವವರಿಗೆ ಹೊಸದಲ್ಲ. ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ, ಶಾಲೆಗಳಲ್ಲಿ ಬಡ್ತಿ ತಪ್ಪಿದವರು ಎಷ್ಟೋ ಜನ. ಬಹುಮಂದಿ ಮನಸ್ಸಿನಲ್ಲೇ ನುಂಗಿಕೊಂಡು ನಿವೃತ್ತಿಯ ದಿನ ಎಣಿಸುತ್ತಾರೆ. ಕೆಲವರು ಅರ್ಜಿ ಬರೆಯುತ್ತಾರೆ, ದೊಡ್ಡವರ ಬಾಗಿಲು ಕಾಯುತ್ತಾರೆ. ಇನ್ನು ಕೆಲವರಿಗೆ ಆ ಕಹಿ ಜೀವನಪೂರ್ತಿ ಉಳಿದುಬಿಡುತ್ತದೆ. ಮಾಸ್ತಿಯವರು ಈ ಯಾವ ದಾರಿಯನ್ನೂ ಹಿಡಿಯಲಿಲ್ಲ. ರಾಜೀನಾಮೆ ಕೊಟ್ಟು ಹೊರಬಂದರು.

ಅದು ಸುಭಿಕ್ಷದ ಕಾಲವೂ ಆಗಿರಲಿಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅಕ್ಕಿ, ಬಟ್ಟೆ, ಸೀಮೆಎಣ್ಣೆ ಎಲ್ಲದರ ಬೆಲೆ ಏರಿತ್ತು. ಮನೆಯಲ್ಲಿ ಪತ್ನಿ ಪಂಕಜಮ್ಮ, ಹೆಣ್ಣುಮಕ್ಕಳ ಸಂಸಾರ. 52 ವರ್ಷ ಎಂದರೆ ಹೊಸದನ್ನು ಪ್ರಾರಂಭಿಸುವ ವಯಸ್ಸಲ್ಲ ಎಂದು ಲೋಕ ಹೇಳುತ್ತದೆ. ಬರೆದು ಬದುಕುವುದಂತೂ ಕನ್ನಡದಲ್ಲಿ ಆಗಲೂ ಕಷ್ಟ, ಈಗಲೂ ಕಷ್ಟ. ಇಷ್ಟೆಲ್ಲ ತಿಳಿದೂ ಅವರು ಆತ್ಮಗೌರವದ ಕಡೆಗೆ ನಿಂತರು.

ಜೀವನದ ಸಂಪಾದಕ

ಹೊರಬಂದ ಮರುವರ್ಷವೇ, 1944ರಲ್ಲಿ, ಜೀವನ ಎಂಬ ಮಾಸಪತ್ರಿಕೆಯ ಸಂಪಾದಕತ್ವವನ್ನು ಮಾಸ್ತಿಯವರು ವಹಿಸಿಕೊಂಡರು. ಯುದ್ಧದ ಕಾರಣ ಕಾಗದದ ಮೇಲೆ ನಿರ್ಬಂಧವಿದ್ದ ದಿನಗಳವು. ಆಗಲೇ ನಡೆಯುತ್ತಿದ್ದ ಪತ್ರಿಕೆಗಳಿಗೇ ಕಾಗದ ಹೊಂದಿಸುವುದು ದುಸ್ತರವಾಗಿತ್ತು. ಸಾಹಿತ್ಯದ ಮಾಸಪತ್ರಿಕೆಯಿಂದ ಲಾಭ ಬಂದ ಉದಾಹರಣೆ ಕನ್ನಡದಲ್ಲಿ ಬಹಳ ಕಡಿಮೆ. ಚಂದಾ ವಸೂಲಾಗಬೇಕು, ಲೇಖನ ತರಿಸಬೇಕು, ಕರಡು ತಿದ್ದಬೇಕು, ಮುದ್ರಣಾಲಯದವರ ಹಿಂದೆ ಬೀಳಬೇಕು, ಅಂಚೆಗೆ ಹಾಕಬೇಕು. ಹೊರನಾಡಿನಲ್ಲಿ ಸಂಘದ ಮುಖವಾಣಿ ನಡೆಸಿದವರಿಗೆ ಈ ಶ್ರಮ ಚೆನ್ನಾಗಿ ಗೊತ್ತು. ನಿನ್ನೆಯವರೆಗೆ ಆಳು-ಕಾಳು, ಗುಮಾಸ್ತರು, ಜವಾನರು ಸುತ್ತಲಿದ್ದ ಅಧಿಕಾರಿ ಈ ಕೆಲಸಕ್ಕೆ ಹೆಗಲು ಕೊಟ್ಟರು. ಒಂದೆರಡು ವರ್ಷವಲ್ಲ, 1965ರವರೆಗೆ 21 ವರ್ಷ ನಡೆಸಿದರು. ತಿಂಗಳು ತಿಂಗಳೂ ನಾಡಿನ ವಿಚಾರ, ಸಾಹಿತ್ಯದ ವಿಚಾರ, ಲೋಕದ ವಿಚಾರವನ್ನು ಓದುಗರ ಮುಂದಿಟ್ಟರು. ಜೀವನ ಕಾರ್ಯಾಲಯದ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನೂ ಪ್ರಕಟಿಸಿದರು.

ಅದೇ ಅವಧಿಯಲ್ಲಿ ಅವರ ಎರಡು ದೊಡ್ಡ ಕಾದಂಬರಿಗಳು ಬಂದವು. ಕೆಲಸ ಬಿಟ್ಟ ಆರೇಳು ವರ್ಷಗಳಲ್ಲಿ ಚೆನ್ನಬಸವನಾಯಕ ಬಂತು. 1763ರಲ್ಲಿ ಹೈದರಾಲಿಯ ಕೈಸೇರಿದ ಬಿದನೂರು ಸಂಸ್ಥಾನದ ಕೊನೆಯ ದಿನಗಳ ಕತೆ ಅದು. 1956ರಲ್ಲಿ ಚಿಕವೀರ ರಾಜೇಂದ್ರ ಬಂತು. 1834ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದ ಕೊಡಗಿನ ಕೊನೆಯ ಅರಸನ ಕತೆ ಇದು. ಸಣ್ಣಕತೆಯನ್ನು ಬಿಡುವಿನ ವೇಳೆಯಲ್ಲಿ ಬರೆಯಬಹುದು. ಆದರೆ ಒಂದು ರಾಜ್ಯದ ಪತನವನ್ನು, ಅರಸ, ಮಂತ್ರಿ, ರಾಣಿವಾಸ, ಪ್ರಜೆ, ಹೊರಗಿನ ಶತ್ರು ಎಲ್ಲರನ್ನೂ ಹಿಡಿದು ನೂರಾರು ಪುಟಗಳಲ್ಲಿ ಹೇಳಲು ಮನಸ್ಸಿಗೂ ದಿನಕ್ಕೂ ಬಿಡುವು ಬೇಕು. ಆ ಬಿಡುವನ್ನು ಅವರಿಗೆ ಕೊಟ್ಟದ್ದು 1943ರ ನಿರ್ಧಾರ.

ಚಿಕವೀರ ರಾಜೇಂದ್ರವನ್ನು ಓದಿದವರಿಗೆ ಇನ್ನೊಂದು ವಿಚಾರವೂ ಹೊಳೆಯದಿರದು. ಬೋಪಣ್ಣ, ಲಕ್ಷ್ಮೀನಾರಾಯಣಯ್ಯನಂಥ ಮಂತ್ರಿಗಳ ಹಿತವಚನವನ್ನು ಬದಿಗೊತ್ತಿ, ಕುಂಟ ಬಸವನನ್ನು ನೆಚ್ಚಿದ ಅರಸ ತನ್ನ ರಾಜ್ಯವನ್ನೇ ಕಳೆದುಕೊಳ್ಳುತ್ತಾನೆ. ಯೋಗ್ಯರ ಮಾತಿಗೆ ಬೆಲೆಯಿಲ್ಲದ ಕಡೆ ಆಡಳಿತ ಹೇಗೆ ಹದಗೆಡುತ್ತದೆ ಎಂಬುದನ್ನು ಬರೆದವರು ಮೂರು ದಶಕ ಆಡಳಿತದ ಒಳಗೇ ಇದ್ದು ನೋಡಿದವರು. ಆದರೂ ಅಲ್ಲಿ ಸ್ವಂತ ಮುನಿಸಿನ ನೆರಳಿಲ್ಲ. ಕೆಟ್ಟ ಅರಸನ ಮೇಲೂ ಓದುಗರಿಗೆ ಕನಿಕರ ಬರುವ ಹಾಗೆ ಬರೆದಿದ್ದಾರೆ. ನೋವನ್ನು ಹಗೆಯಾಗಿಸದೆ ತಿಳಿವಳಿಕೆಯನ್ನಾಗಿ ಮಾಡಿಕೊಂಡದ್ದು ಮಾಸ್ತಿಯವರ ದೊಡ್ಡತನ.

ತಡವಾಗಿ ಬಂದ ಮನ್ನಣೆ

1965ರಲ್ಲಿ ಪತ್ರಿಕೆಯ ಹೊಣೆ ಇಳಿಸಿದಾಗ ಅವರಿಗೆ 74 ವರ್ಷ. ಆಮೇಲೂ ಲೇಖನಿ ಕೆಳಗಿಡಲಿಲ್ಲ. ಭಾವ ಎಂಬ ಹೆಸರಿನಲ್ಲಿ ಮೂರು ಸಂಪುಟಗಳ ಆತ್ಮಕಥೆ ಬರೆದರು. 1972ರಲ್ಲಿ ಶ್ರೀರಾಮ ಪಟ್ಟಾಭಿಷೇಕ ಕಾವ್ಯ ಪ್ರಕಟವಾಯಿತು. ಷೇಕ್ಸ್‌ಪಿಯರನ ನಾಟಕಗಳನ್ನು ಕನ್ನಡಕ್ಕೆ ತಂದರು. ಒಟ್ಟು ನೂರಕ್ಕೂ ಹೆಚ್ಚು ಕನ್ನಡ ಪುಸ್ತಕಗಳು ಅವರ ಹೆಸರಿನಲ್ಲಿವೆ.

ಸಣ್ಣಕತೆಗಳ ಸಂಪುಟಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1968ರಲ್ಲಿ. 1974ರಲ್ಲಿ ಅಕಾಡೆಮಿಯ ಫೆಲೋಶಿಪ್ ಸಂದಿತು. ಚಿಕವೀರ ರಾಜೇಂದ್ರ ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಬಂತು. ಕುವೆಂಪು, ಬೇಂದ್ರೆ, ಕಾರಂತರ ನಂತರ ಕನ್ನಡಕ್ಕೆ ಬಂದ ನಾಲ್ಕನೆಯ ಜ್ಞಾನಪೀಠ ಅದು. ಆಗ ಮಾಸ್ತಿಯವರಿಗೆ 92 ವರ್ಷ. ಸರಕಾರ 1943ರಲ್ಲಿ ಕೊಡದೆ ಬಿಟ್ಟ ಸ್ಥಾನಕ್ಕಿಂತ ಎತ್ತರದ ಸ್ಥಾನವನ್ನು ದೇಶ 40 ವರ್ಷಗಳ ಮೇಲೆ ಕೊಟ್ಟಿತು. ಅಂದು ಅವರನ್ನು ದಾಟಿ ಮೇಲೆ ಹೋದವರ ಹೆಸರು ಇಂದು ಜನರ ನೆನಪಿನಲ್ಲಿಲ್ಲ.

ಬೆಂಗಳೂರಿನ ಗವಿಪುರದ ಮನೆಯಲ್ಲಿ ಅವರ ಜೀವನ ಸರಳವಾಗಿ ನಡೆಯಿತು. ಕೋಟು, ಪೇಟ ಧರಿಸಿ, ಕೊಡೆ ಹಿಡಿದು ಸಂಜೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಸ್ನೇಹಿತರ ಜೊತೆ ಇಸ್ಪೀಟು ಆಡಿ ಬರುವುದು ಬಹುಕಾಲ ನಡೆದ ಅಭ್ಯಾಸ. ದೊಡ್ಡ ಸಾಹಿತಿ ಎಂಬ ಬಿಂಕ ಇರಲಿಲ್ಲ, ಮಾಜಿ ಅಧಿಕಾರಿ ಎಂಬ ಗತ್ತೂ ಇರಲಿಲ್ಲ. ದೈವಭಕ್ತಿ, ಸಂಸಾರಪ್ರೀತಿ, ನೆರೆಹೊರೆಯ ಸ್ನೇಹ, ಬರವಣಿಗೆ ಎಲ್ಲವೂ ಅವರ ದಿನಚರಿಯಲ್ಲಿ ಒಟ್ಟಿಗೇ ಇದ್ದವು.

ನಮಗೆ ಇದರಿಂದ ಏನು

ಮಾಸ್ತಿಯವರ ಬದುಕನ್ನು ನೋಡಿ ನಾಳೆಯೇ ಎಲ್ಲರೂ ಕೆಲಸ ಬಿಡಬೇಕೆಂದು ಯಾರೂ ಹೇಳಲಾರರು. ಅವರು ಸ್ವತಃ 23ನೆಯ ವಯಸ್ಸಿನಲ್ಲಿ ಕೆಲಸ ಹಿಡಿದು, ಮನೆ ನಿಲ್ಲಿಸಿ, 30 ವರ್ಷ ಕಚೇರಿಯ ಜೊತೆ ಕನ್ನಡವನ್ನೂ ಸಾಕಿಕೊಂಡು ಬಂದವರು. ದುಡಿಮೆಯ ನಡುವೆ ಬರೆಯಲು ವೇಳೆಯಿಲ್ಲ ಎನ್ನುವವರಿಗೆ ಅವರ ಮೊದಲ ಅರ್ಧ ಉತ್ತರ ಕೊಡುತ್ತದೆ. ವಯಸ್ಸಾಯಿತು, ಇನ್ನೇನು ಮಾಡುವುದು ಎನ್ನುವವರಿಗೆ ಎರಡನೆಯ ಅರ್ಧ ಉತ್ತರ ಕೊಡುತ್ತದೆ. 1928ರಲ್ಲಿ ಬರೆದ ಸುಬ್ಬಣ್ಣದಲ್ಲಿ, ತಂದೆಯ ಮನೆ ಬಿಟ್ಟು ಸಂಗೀತವನ್ನೇ ನಂಬಿ ಹೊರಟವನ ಬಾಳನ್ನು ಅವರು ಚಿತ್ರಿಸಿದ್ದರು. 15 ವರ್ಷಗಳ ಬಳಿಕ ತಾವೂ ನಂಬಿದ್ದರ ಕಡೆಗೆ ಹೊರಟರು.

ಹೊರನಾಡಿನ ನಮ್ಮ ಸಂಘಗಳಲ್ಲಿ ನಿವೃತ್ತರು ಅನೇಕರಿದ್ದಾರೆ. ನಿವೃತ್ತಿಯ ಹೊಸ್ತಿಲಲ್ಲಿ ಇರುವವರೂ ಇದ್ದಾರೆ. ಅವರಲ್ಲಿ ಎಷ್ಟೋ ಜನರ ಬಳಿ ಬರೆದಿಟ್ಟ ಕತೆಯೋ ಕವಿತೆಯೋ ಕಪಾಟಿನಲ್ಲಿ ಉಳಿದಿರಬಹುದು. ಈ ಬಾರಿ ಜೂನ್ 6ರಂದು ಹಾರ-ಭಾಷಣಗಳ ಜೊತೆಗೆ ಮಾಸ್ತಿಯವರ ಒಂದು ಕತೆಯನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ, ಕಪಾಟಿನಲ್ಲಿ ಉಳಿದದ್ದನ್ನು ಹೊರತೆಗೆಯಲು ಸದಸ್ಯರನ್ನು ಕೇಳಿಕೊಂಡರೆ, ಅದೇ ಆ ಹಿರಿಯರಿಗೆ ಸಲ್ಲುವ ನಿಜವಾದ ಗೌರವ.